ನೀರು ಉಗುಳುವ ಕಾರು

ಬೆಂಗಳೂರಿನಿಂದ ಹೊಸೂರಿನತ್ತ ಹೊರಟವರಿಗೆ ಸಿಲ್ಕ್ ಬೋರ್ಡ್ ಬಳಿ ಎರಡು ಹಾದಿಗಳು ಕಾಣುತ್ತವೆ: ಒಂದು ನೆಲದ ಮೇಲೆ, ಇನ್ನೊಂದು ಕಂಬಗಳ ಮೇಲೆ. ೨೦೧೦ರಲ್ಲಿ ತೆರೆದ, ಸುಮಾರು ೧೦ ಕಿಲೋಮೀಟರ್ ಉದ್ದದ ಆ ಮೇಲುರಸ್ತೆ ನಮ್ಮನ್ನು ಎಲೆಕ್ಟ್ರಾನಿಕ್ ಸಿಟಿಗೆ ತಂದಿಳಿಸುತ್ತದೆ. ದೊಡ್ಡತೋಗೂರು, ಕೋನಪ್ಪನ ಅಗ್ರಹಾರಗಳ ನೆಲದಲ್ಲಿ ೧೯೭೦ರ ದಶಕದಲ್ಲಿ ಆರ್.ಕೆ. ಬಾಳಿಗಾ ಅವರು ಕಿಯೋನಿಕ್ಸ್ ಸಂಸ್ಥೆಯ ಮೂಲಕ ಬಿತ್ತಿದ ಬೀಜ ಇಂದು ಗಾಜಿನ ಮಹಲುಗಳ ನಗರವಾಗಿ ಬೆಳೆದಿದೆ.

ಈಚೆಗೆ ಮಗಳ ಮನೆಗೆಂದು ಅಲ್ಲಿಯ ನೀಲಾದ್ರಿ ನಗರಕ್ಕೆ ಹೋಗಿದ್ದೆ. ಸಂಜೆ, ಕಚೇರಿಗಳು ಬಿಡುವ ಹೊತ್ತು. ಒಂದೊಂದು ಕಾರಿನಲ್ಲಿ ಒಬ್ಬೊಬ್ಬರೇ ಕುಳಿತು ಮೊಳ ಮೊಳವಾಗಿ ಮುಂದೆ ಸಾಗುತ್ತಿದ್ದರು. ನನ್ನ ಕೈಹಿಡಿದು ಬರುತ್ತಿದ್ದ ಆರು ವರ್ಷದ ಮೊಮ್ಮಗ ಅಂಗಿಯ ಅಂಚಿನಿಂದ ಮೂಗು ಮುಚ್ಚಿಕೊಂಡು ಕೆಮ್ಮಿದ. ಬಳಿಕ, "ತಾತ, ಅಪ್ಪ ಹೊಗೆ ಬಿಡದ ಕಾರು ತರುತ್ತಾರಂತೆ. ಅದರ ಬಾಲದಿಂದ ಬರೀ ನೀರು ಬರುತ್ತದಂತೆ!" ಎಂದ.

ಮಗುವಿನ ಮಾತು ಸುಳ್ಳಲ್ಲ. ಬಿಡದಿಯಲ್ಲಿ ಕಾರ್ಖಾನೆಯುಳ್ಳ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ ೨೦೨೨ರ ಮಾರ್ಚ್ ತಿಂಗಳಲ್ಲಿ ದೆಹಲಿಯಲ್ಲಿ 'ಮಿರಾಯ್' ಎಂಬ ಕಾರನ್ನು ಪರೀಕ್ಷೆಗಾಗಿ ಮುಂದಿಟ್ಟಿತು. ಜಪಾನೀ ಭಾಷೆಯಲ್ಲಿ ಮಿರಾಯ್ ಎಂದರೆ ಭವಿಷ್ಯ. ಅದರೊಳಗೆ ಜಲಜನಕವೂ ಗಾಳಿಯ ಆಮ್ಲಜನಕವೂ ಕೂಡಿ ವಿದ್ಯುತ್ತು ಹುಟ್ಟುತ್ತದೆ, ಆ ವಿದ್ಯುತ್ತು ಚಕ್ರವನ್ನು ತಿರುಗಿಸುತ್ತದೆ, ಉಳಿಯುವುದು ನೀರು.

ರಾತ್ರಿ ಊಟವಾದ ಮೇಲೆ ಅಳಿಯಂದಿರನ್ನು ಕೇಳಿದೆ: "ನಿಜವಾಗಿಯೂ ಆ ಕಾರಿಗಾಗಿ ಕಾಯುತ್ತೀರಾ?"

"ಅದು ಪೇಟೆಗೆ ಬರಲೆಂದೇ ಹಳೆಯ ಡೀಸೆಲ್ ಕಾರನ್ನು ಇನ್ನೂ ಓಡಿಸುತ್ತಿದ್ದೇನೆ, ಮಾವ" ಎಂದರು.

ನಾವಿಬ್ಬರೂ ಕಾಗದ ಹಿಡಿದು ಲೆಕ್ಕಕ್ಕೆ ಕುಳಿತೆವು. ಒಂದು ಕಿಲೋ ಜಲಜನಕದಿಂದ ಒಂಬತ್ತು ಕಿಲೋ ನೀರು. ಆದರೆ ಜಗತ್ತಿನ ಜಲಜನಕದಲ್ಲಿ ಬಹುಪಾಲು ಇಂದಿಗೂ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದಲೇ ತಯಾರಾಗುತ್ತದೆ. ಅನಿಲದಿಂದ ಒಂದು ಕಿಲೋ ತೆಗೆದರೆ ಕಾರ್ಖಾನೆಯಲ್ಲಿ ಒಂಬತ್ತು ಕಿಲೋಗೆ ಕಡಿಮೆಯಿಲ್ಲದ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹೊಗೆ ಅಳಿಯಲಿಲ್ಲ, ಮನೆ ಬದಲಾಯಿಸಿತು, ಅಷ್ಟೆ! ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದರೆ ಈ ಕಳಂಕವಿಲ್ಲ, ನಿಜ. ಆದರೆ ಹಾಗೆ ತೆಗೆದು, ಒತ್ತಿ ತುಂಬಿ, ಮತ್ತೆ ವಿದ್ಯುತ್ತಾಗಿಸುವಷ್ಟರಲ್ಲಿ ಚಕ್ರಕ್ಕೆ ದಕ್ಕುವುದು ಮೂರರಲ್ಲಿ ಒಂದು ಪಾಲು ಮಾತ್ರ. ಬ್ಯಾಟರಿ ಕಾರಿನಲ್ಲಾದರೆ ಮುಕ್ಕಾಲು ಪಾಲು ದಕ್ಕುತ್ತದೆ.

ಹಾಗೆಂದು ಜಲಜನಕ ನಿಷ್ಪ್ರಯೋಜಕವೆನ್ನಲಾಗದು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ಒಂದು ಕಿಲೋ ಕೃಷಿತ್ಯಾಜ್ಯದಂಥ ಜೀವರಾಶಿಯಿಂದ ಸುಮಾರು ೧೦೦ ಗ್ರಾಂ ಜಲಜನಕ ತೆಗೆಯುವ ವಿಧಾನವನ್ನು ರೂಪಿಸಿದ್ದಾರೆ. ೨೦೩೦ರ ವೇಳೆಗೆ ವರ್ಷಕ್ಕೆ ೫೦ ಲಕ್ಷ ಟನ್ ಹಸಿರು ಜಲಜನಕ ತಯಾರಿಸುವ ಗುರಿಯೊಂದಿಗೆ ಕೇಂದ್ರ ಸರ್ಕಾರ ೨೦೨೩ರಲ್ಲಿ ಯೋಜನೆಯನ್ನೂ ಹಾಕಿಕೊಂಡಿದೆ. ಆದರೆ ಗೊಬ್ಬರ, ಉಕ್ಕುಗಳ ಕಾರ್ಖಾನೆಗಳು ಅದಕ್ಕಾಗಿ ಬಾಯ್ತೆರೆದು ನಿಂತಿವೆ. ಬ್ಯಾಟರಿಯಿಂದ ಅವುಗಳ ಕೆಲಸ ಸಾಗದು. ಅವುಗಳ ಮುಂದೆ ನಮ್ಮ ಮನೆಯ ಕಾರಿನ ಸರದಿ ಹಿಂದೆಯೇ.

"ಹಾಗಾದರೆ ಕಾಯುವಷ್ಟು ದಿನವೂ ನಾನೇ ಮಗನಿಗೆ ಹೊಗೆ ಕುಡಿಸಿದಂತಾಯಿತು" ಎಂದು ಅಳಿಯಂದಿರು ಮೆಲ್ಲನೆ ನುಡಿದರು. ನಾನು ಉತ್ತರ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಡೀಸೆಲ್ ಕಾರು ಮನೆಯ ಮುಂದೆಯೇ ನಿಂತಿತ್ತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ೨೦೨೫ರ ಆಗಸ್ಟ್‌ನಲ್ಲಿ ತೆರೆದ ಹಳದಿ ಮೆಟ್ರೋದಲ್ಲಿ ನಾವು ಮೂವರೂ ಹೊರಟೆವು. ಅದರ ವಿದ್ಯುತ್ತಿನಲ್ಲೂ ಕಲ್ಲಿದ್ದಲಿನ ಪಾಲುಂಟು. ಆದರೆ ಅದನ್ನು ನೂರಾರು ಜನ ಹಂಚಿಕೊಳ್ಳುತ್ತಾರೆ.

"ತಾತ, ಈ ರೈಲಿನ ಬಾಲದಿಂದ ನೀರು ಬರುವುದಿಲ್ಲವೆ?" ಎಂದು ಮೊಮ್ಮಗ ಕೇಳಿದ.

"ಇಲ್ಲ ಮಗು" ಎಂದೆ. ಅವನು ಮೂಗು ಮುಚ್ಚಿಕೊಳ್ಳದೆ ಕಿಟಕಿಯಾಚೆ ನೋಡುತ್ತ ಕುಳಿತ.