ಯಾರ ಮೊಳ?

ರಾತ್ರಿ ಮೂರು ದಾಟಿದೆ. ವಿಜಯನಗರದ ಟೋಲ್‌ಗೇಟಿನಿಂದ ಕೂಗಳತೆ ದೂರದ ಆಸ್ಪತ್ರೆ. ಎರಡನೇ ಮಹಡಿ, ಹೆಂಗಸರ ವಾರ್ಡು, 14 ಮಂಚ. ಮಾಗಡಿ ರಸ್ತೆಯಲ್ಲಿ ಲಾರಿಯೊಂದು ಬುಸ್ಸೆಂದು ಬ್ರೇಕು ಹಾಕುತ್ತದೆ, ಆಮೇಲೆ ಮತ್ತೆ ಫ್ಯಾನಿನ ಕಿರ್ರು. ದೊಡ್ಡಮ್ಮನ ಮಂಚದ ಪಕ್ಕ ಚಾಪೆಯ ಮೇಲೆ ನನಗೆ ಅರೆನಿದ್ದೆ.

"ಯಾರೇ ನೀನು? ನನ್ನ ಬುಟ್ಟಿ ಯಾಕೆ ಮುಟ್ಟಿದೆ?"

ಕಣ್ಣು ಬಿಟ್ಟರೆ ದೊಡ್ಡಮ್ಮ ಎದ್ದು ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾಳೆ. ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಹೂವು ಮಾರಿದವಳು ಅವಳು, ಚೌಕಾಸಿಗೆ ನಿಂತವರನ್ನೂ 'ತಗೊಳ್ಳಮ್ಮ ತಾಯಿ' ಅಂತಲೇ ಕಳಿಸಿದವಳು. ಕೆಟ್ಟ ಕನಸು ಬಿದ್ದಿರಬೇಕು. ಮುಖ ಒರೆಸಿದರೆ ಟವೆಲ್ಲು ಒದ್ದೆ. ಸೆಖೆಯೆಂದು ಕಿಟಕಿ ತೆರೆಯಲು ಏಳುತ್ತೇನೆ.

ಅಷ್ಟರಲ್ಲಿ ಸಿಸ್ಟರ್ ಬಂದು ನಿಂತಿದ್ದಾರೆ. ಯಾರೂ ಕರೆದಿಲ್ಲ, ನಾಲ್ಕನೇ ಮಂಚದ ಡ್ರಿಪ್ ಬದಲಿಸುತ್ತಿದ್ದವರು ದನಿ ಕೇಳಿ ಬಂದದ್ದು. ವಿಜಯಪುರದ ಕಡೆಯ ಹುಡುಗಿ. ಕೈಯ ಹಿಂಭಾಗವನ್ನು ದೊಡ್ಡಮ್ಮನ ಹಣೆಗಿಟ್ಟರು, ಆಮೇಲೆ ಕುತ್ತಿಗೆಗೆ.

"ಅಕ್ಕಾ, ಇವರು ದಿನಾ ಹಿಂಗ ಮಾತಾಡ್ತಾರೇನ್ರಿ?"

"ಇಲ್ಲ ಸಿಸ್ಟರ್, ಯಾವತ್ತೂ ಇಲ್ಲ."

"ಮೈ ತಣ್ಣಗ ಐತಿ. ಸೆಖಿ ಬೆವರಲ್ಲ ಇದು."

ಬೆರಳಿಗೆ ಸೂಜಿ ಚುಚ್ಚಿದ್ದು ಇದಾದ ಮೇಲೆ. ಯಂತ್ರ 52 ತೋರಿಸಿತು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ 'ಲೋ'. 54ರ ಕೆಳಗೆ ಹೋಯಿತೆಂದರೆ ಮಿದುಳಿಗೇ ಸಕ್ಕರೆ ಸಾಲದು, ಆಗ ಆಡುವ ಮಾತೂ ನಮ್ಮದಲ್ಲ. ಸಿಸ್ಟರಿಗೆ ಇದು ಯಂತ್ರಕ್ಕಿಂತ ಮೊದಲೇ ಗೊತ್ತಾಗಿತ್ತು.

"ಅಮ್ಮಾರ, ನನ್ನ ಕಡಿ ನೋಡ್ರಿ. ಒಂದ್ ಗುಟುಕು ನುಂಗ್ರಿ."

ಮೊದಲು ಬರೀ ನೀರು. ಅದು ಸರಾಗ ಇಳಿದದ್ದನ್ನು ನೋಡಿಯೇ ಸಕ್ಕರೆ ನೀರು: ಅರ್ಧ ಲೋಟಕ್ಕೆ ಮೂರು ಟೀ ಚಮಚ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸಕ್ಕೆ ಹೋಗಿಬಿಡುತ್ತದೆ. ಡ್ಯೂಟಿ ಡಾಕ್ಟರಿಗೆ ಫೋನು ಹೋಯಿತು. ಇನ್ನು 15 ನಿಮಿಷ ಕಾಯಬೇಕು. ಒಂಬತ್ತನೇ ಮಂಚದವರು ಕರೆದಾಗ ದೊಡ್ಡಮ್ಮನ ಕೈಯನ್ನು ನನ್ನ ಕೈಗೆ ಕೊಟ್ಟು, "ಮಾತಾಡಸ್ತಾ ಇರ್ರಿ" ಎಂದು ಓಡಿದರು, ಓಡಿ ಬಂದರು. ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ಇಲ್ಲಿ 14 ಮಂಚಕ್ಕೆ ಇವರೊಬ್ಬರೇ.

ಮತ್ತೆ ಸೂಜಿ. 88.

"ನೀನಿನ್ನೂ ಮಲಗಿಲ್ವೇನೇ ಮಗ?" ಎಂದಳು ದೊಡ್ಡಮ್ಮ. ಹಾಲು, ಎರಡು ಬಿಸ್ಕತ್ತು ತಿಂದು ನಿದ್ದೆಹೋದಳು.

'ರಾತ್ರಿ ಊಟ ಕಡಿಮೆ, ಅದಕ್ಕೇ ಲೋ ಆಯಿತು' ಎಂದು ಚಾರ್ಟಿನಲ್ಲಿ ಬರೆದು ಮುಗಿಸಬಹುದಿತ್ತು. ಅರ್ಧ ಚಪಾತಿ ಬಿಟ್ಟದ್ದೂ ನಿಜ. ಸಿಸ್ಟರ್ ಬರೆಯದೆ ಪೆನ್ನು ಹಿಡಿದು ಕೂತಿದ್ದಾರೆ. ಕಾಲಿನ ಹುಣ್ಣಿಗೆಂದು ನಿನ್ನೆ ಸೇರಿಸುವಾಗ ಶುಗರ್ 340. ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ 20 ಯೂನಿಟ್ ಇನ್ಸುಲಿನ್ನನ್ನೇ ಇಲ್ಲೂ ಸಂಜೆ ಕೊಟ್ಟದ್ದು.

"ಅದ ಔಷಧಿ, ಅದ ಡೋಸು. ಮನ್ಯಾಗ 340, ಇಲ್ಲಿ 52 ಹ್ಯಾಂಗಾತು? ಅಕ್ಕಾ, ಮನೀದ ಸಿರಿಂಜ್ ತಂದೀರೇನು?"

ವೈರ್ ಬುಟ್ಟಿಯಿಂದ ಡಬ್ಬಿ ತೆಗೆದು ಕೊಟ್ಟೆ. ಅದರೊಳಗೆ ಬಾಟಲಿ, ನಾಲ್ಕು ಸಿರಿಂಜ್. ಸಿಸ್ಟರ್ ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದರು. ಮುಚ್ಚಳ ಕೇಸರಿ ಬಣ್ಣದ್ದು.

ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಗಟ್ಟಿತನದಲ್ಲಿ ಸಿಗುತ್ತದೆ. ಸಾಮಾನ್ಯ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್, ಪೆನ್ನಿನಲ್ಲಿ 100. ಕೆಂಪು ಮುಚ್ಚಳದ ಸಿರಿಂಜಿನ ಗೆರೆ ಎಳೆದಿರುವುದು 40ರ ಔಷಧಿಗೆ, ಕೇಸರಿಯದ್ದು 100ರದ್ದಕ್ಕೆ. 40ರ ಬಾಟಲಿಗೆ ಕೇಸರಿ ಸಿರಿಂಜ್ ಚುಚ್ಚಿ 20ರ ಗೆರೆಯವರೆಗೆ ಎಳೆದರೆ ಬರುವುದು 8 ಯೂನಿಟ್ ಅಷ್ಟೇ. ಮನೆಯಲ್ಲಿ ಹೋಗುತ್ತಿದ್ದದ್ದು ಅಷ್ಟು, ಇಲ್ಲಿ ಕೆಂಪು ಸಿರಿಂಜಿನಲ್ಲಿ ಹೋದದ್ದು ಪೂರ್ತಿ 20. ತಿರುಗುಮುರುಗಾದರೆ ಇನ್ನೂ ಅಪಾಯ, ಎರಡೂವರೆ ಪಟ್ಟು ಹೆಚ್ಚು ಒಳಗೆ ಹೋಗುತ್ತದೆ.

ಕೆಂಪಿನದ್ದು ಖಾಲಿಯಾಗಿದೆ, ಸಿರಿಂಜ್ ಅಂದ್ರೆ ಎಲ್ಲಾ ಒಂದೇ ಎಂದು ಯಾರೋ ಅಂಗಡಿಯವರು ಕೊಟ್ಟಿದ್ದರು. ಶುಗರ್ ಇಳಿಯಲಿಲ್ಲ, ಡೋಸು ಏರಿತು. ಮತ್ತೆ ಇಳಿಯಲಿಲ್ಲ, ಮತ್ತೆ ಏರಿತು. ಕದ್ದು ಸಿಹಿ ತಿನ್ನುತ್ತೀಯೆಂದು ಮನೆಮಂದಿಯೆಲ್ಲ ಅವಳನ್ನು ಬೈದೆವು. ಯುಗಾದಿಯ ಹೋಳಿಗೆ ತಟ್ಟೆಯನ್ನು ಅವಳ ಮುಂದಿನಿಂದ ಎತ್ತಿಕೊಂಡವಳು ನಾನೇ.

ಆರೂವರೆ. ಮೆಟ್ರೊ ಓಡಾಟ ಶುರುವಾಗಿದೆ, ವಾರ್ಡಿನ ತುಂಬ ಫಿನಾಯಿಲ್ ವಾಸನೆ. ಎಂಟಕ್ಕೆ ಡ್ಯೂಟಿ ಮುಗಿಯಬೇಕಾದ ಸಿಸ್ಟರ್ ಸ್ಟೂಲು ಎಳೆದುಕೊಂಡು ಕೂತರು. ಯೂನಿಟ್ಟು, ಎಂ.ಎಲ್ಲು ಎಂದು ಎರಡು ನಿಮಿಷ ವಿವರಿಸಿದರು. ದೊಡ್ಡಮ್ಮ ಪ್ರತಿ ಮಾತಿಗೂ ತಲೆಯಾಡಿಸಿದಳು. ಏನೂ ತಿಳಿಯದಾಗ ಅವಳು ಹಾಗೆಯೇ ಆಡಿಸುವುದು. ಅದು ಸಿಸ್ಟರಿಗೂ ಗೊತ್ತಾಯಿತು ಅಂತ ಕಾಣುತ್ತದೆ.

"ಅಮ್ಮಾರ, ನಿಮ್ಮ ಮೊಳ, ನನ್ನ ಮೊಳ ಎರಡೂ ಒಂದೇ ಏನ್ರಿ?"

ದೊಡ್ಡಮ್ಮ ನಕ್ಕಳು. "ಅದ್ಹೆಂಗಮ್ಮ ಆಗುತ್ತೆ? ನಿನ್ನ ಕೈ ಗಿಡ್ಡ. ಹೂವಿನವಳ ಮೊಳ ನೋಡ್ಕೊಂಡೇ ತಗೋಬೇಕು."

"ಹಂಗ ಇದೂ. ಈ ಬಾಟ್ಲಿಗೆ ಒಂದು ಮೊಳ, ಪೆನ್ನಿನ ಔಷಧಿಗೆ ಇನ್ನೊಂದು ಮೊಳ."

ದೊಡ್ಡಮ್ಮ ಮನೆಯ ಕೇಸರಿ, ವಾರ್ಡಿನ ಕೆಂಪು, ಎರಡೂ ಸಿರಿಂಜ್ ಇಸಕೊಂಡಳು. ಬೆಳಕಿಗೆ ತಿರುಗಿಸಿದಳು. ಅಕ್ಷರ ಬಾರದಿದ್ದರೂ ಅಂಕೆಗೆ ಅವಳ ಕಣ್ಣು ಚುರುಕು, ಬಾಟಲಿಯ ಮೇಲಿನ 40ನ್ನು ತಾನೇ ಹುಡುಕಿದಳು. ಆಮೇಲೆ ಕೇಸರಿ ಮುಚ್ಚಳವನ್ನು ಪಕ್ಕಕ್ಕೆ ಸರಿಸಿದಳು.

"ಈ ಕನಕಾಂಬರ ನನಗೆ ಬೇಡ. ಕೆಂಪು ಗುಲಾಬಿ ಕೊಡಿ ಅಂತೀನಿ."

"ಕೆಂಪಿಂದು ಇಲ್ಲ ಅಂದ್ರ?"

"ಮುಂದಿನ ಅಂಗಡಿಗೆ ಹೋಗ್ತೀನಿ."

ಸಿಸ್ಟರ್ ಇಷ್ಟಕ್ಕೇ ಎದ್ದುಹೋಗಲಿಲ್ಲ. ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸುವುದರಿಂದ ಹಿಡಿದು ಗೆರೆಗೆ ಎಳೆಯುವವರೆಗೆ ಅವಳ ಕೈಯಲ್ಲೇ ಮಾಡಿಸಿದರು. ಬಾಟಲಿ ಕುಲುಕಲು ಹೋದಾಗ ಒಮ್ಮೆ ತಡೆದರು, ನೊರೆ ಬಂದರೆ ಅಳತೆ ಕೆಡುತ್ತದೆ. ಬೆವರು, ನಡುಕ, ತಲೆ ಗಿಮ್ಮೆಂದರೆ ಏನು ಮಾಡುತ್ತೀರಿ ಎಂದು ಕೇಳಿದರು. "ಮೂರು ಚಮಚ ಸಕ್ಕರೆ, ಕಾಲು ಗಂಟೆ, ಮತ್ತೆ ಸೂಜಿ" ಎಂದು ಒಪ್ಪಿಸಿದಳು. ಕಳೆದ ಸಲ ಡಿಸ್ಚಾರ್ಜ್ ಆಗುವಾಗ ಬೇರೊಂದು ಆಸ್ಪತ್ರೆಯವರು ಇಂಗ್ಲಿಷಿನ ಹಾಳೆಯೊಂದನ್ನು ಕೊಟ್ಟು ಕಳಿಸಿದ್ದರು. ಮಡಿಚಿದ ಹಾಳೆ ಅದೇ ಡಬ್ಬಿಯ ತಳದಲ್ಲಿತ್ತು.

ಒಂಬತ್ತೂವರೆಯ ರೌಂಡ್ಸಿನಲ್ಲಿ ಡಾಕ್ಟರು ಸಿಸ್ಟರ್ ಬರೆದಿಟ್ಟದ್ದನ್ನು ಎರಡು ಸಲ ಓದಿ, ಹಳೆಯ ಡೋಸನ್ನು ಹೊಡೆದುಹಾಕಿ, ಹೊಸದಾಗಿ ಸಣ್ಣ ಅಳತೆಯಿಂದ ಶುರುಮಾಡಿದರು. ಸಿಸ್ಟರ್ ಅಷ್ಟೊತ್ತಿಗೆ ಮನೆಗೆ ಹೋಗಿದ್ದರು.

ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲೂ ಇನ್ಸುಲಿನ್ ಬಾಟಲಿ ಇದ್ದರೆ ಅದರ ಮೇಲಿನ ಅಂಕೆಯನ್ನೂ ಸಿರಿಂಜಿನ ಮುಚ್ಚಳದ ಬಣ್ಣವನ್ನೂ ಇವತ್ತೇ ನೋಡಿ. ತಾಳೆಯಾಗದಿದ್ದರೆ ಸಿರಿಂಜನ್ನು ನೀವಾಗಿಯೇ ಬದಲಿಸಿ ಹಳೆಯ ಡೋಸು ಚುಚ್ಚಬೇಡಿ. ಮುಂದಿನ ಸೂಜಿಗೆ ಮೊದಲೇ ಡಾಕ್ಟರಿಗೋ ಸಿಸ್ಟರಿಗೋ ಫೋನು ಮಾಡಿ.