ದೊಡ್ಡಪ್ಪನ ಪಾತಿಗೆ ಮೋಟಾರು

ಅಘನಾಶಿನಿಯ ಅಳಿವೆಯಲ್ಲಿ ಪಾತಿ ದೋಣಿ ಹೊರಡುವ ಹೊತ್ತನ್ನು ಭರತ-ಇಳಿತವೇ ಹೇಳುತ್ತದೆ. ನೀರು ಇಳಿಯುವಾಗ ಹೊಳೆಯ ಜೊತೆ ಕೆಳಗೆ ಹೋಗಬೇಕು. ಮರಳುದಿಬ್ಬ ತಲೆ ಎತ್ತಿದಾಗ ಬೆಳಚು ಎಂಬ ಚಿಪ್ಪು ಹೆಕ್ಕಬೇಕು. ಭರತ ಏರತೊಡಗಿದ ಮೇಲೆ ಅದರ ಬೆನ್ನು ಹತ್ತಿ ಮನೆ ಸೇರಬೇಕು. ನಮ್ಮ ದೊಡ್ಡಪ್ಪ ಹುಡುಗರಾಗಿದ್ದಾಗಿನಿಂದ ಹೀಗೇ ಹುಟ್ಟು ಹಾಕಿಕೊಂಡು ಬಂದವರು. ಅವರ ಬಲಭುಜ ಸೋತ ವರ್ಷದ ಕತೆ ಇದು.

ಕೈ ಕಿವಿಯ ಮಟ್ಟಕ್ಕೆ ಏರುತ್ತಿರಲಿಲ್ಲ. ಡಾಕ್ಟರು ಹುಟ್ಟು ಬಿಡಿ ಎಂದರು. ದೊಡ್ಡಪ್ಪ ಹುಟ್ಟು ಬಿಡಲು ತಯಾರಿದ್ದರು, ಹೊಳೆ ಬಿಡಲು ತಯಾರಿರಲಿಲ್ಲ. ನಾಡದೋಣಿಗೆ ಹಾಕುವ ಸೀಮೆಎಣ್ಣೆ ಎಂಜಿನ್ ಹಾಕೋಣವೆಂದರೆ, ಆ ಭಾರಕ್ಕೆ ಪಾತಿ ಹಿಂದಕ್ಕೆ ಕುಕ್ಕರಿಸಿಬಿಡುತ್ತದೆ. ಒಂದೇ ಮಾವಿನ ಮರ ಕೊರೆದು ಮಾಡಿದ ದೋಣಿ ಅದು, ಇಬ್ಬರು ಕೂತು ನಾಲ್ಕು ಬುಟ್ಟಿ ಇಟ್ಟರೆ ತುಂಬಿತು. ಆಗ ಭಾವ ಬ್ಯಾಟರಿ ಮೋಟಾರಿನ ಮಾತೆತ್ತಿದ. ಭಾವ ಎಲೆಕ್ಟ್ರಿಷಿಯನ್, ಕುಮಟಾ ಸುತ್ತಮುತ್ತ ಮನೆಗಳ ವೈರಿಂಗ್ ಅವನದೇ.

ದೋಣಿಗೆ ವಿದ್ಯುತ್ ಮೋಟಾರು ಹಾಕುವುದು ಹೊಸ ಹುಚ್ಚಲ್ಲ. 1838ರ ಸುಮಾರಿಗೇ ಯಾಕೋಬಿ ಎಂಬ ವಿಜ್ಞಾನಿ ರಷ್ಯಾದ ನೇವಾ ನದಿಯಲ್ಲಿ ಬ್ಯಾಟರಿಯಿಂದ ದೋಣಿ ನಡೆಸಿದ್ದ. 1881ರಲ್ಲಿ ಪ್ಯಾರಿಸಿನ ಗುಸ್ತಾವ್ ತ್ರುವೆ, ಚುಕ್ಕಾಣಿಯ ಜೊತೆಗೇ ಕಳಚಿ ತೆಗೆಯಬಹುದಾದ ಮೋಟಾರೊಂದನ್ನು ಮಾಡಿ ಸೇನ್ ನದಿಯಲ್ಲಿ ಓಡಿಸಿದ. ದೋಣಿಯ ಹಿಂದೆ ನೇತುಹಾಕುವ ಇಂದಿನ ಎಂಜಿನ್ನುಗಳ ಮೂಲಪುರುಷ ಅವನೇ. ಪಕ್ಕದ ಕೇರಳದ ವೈಕಂನಲ್ಲಿ 2017ರಿಂದ 75 ಜನ ಕೂರುವ ಸೌರ ದೋಣಿ ಓಡಾಡುತ್ತಿದೆ. ರಾತ್ರಿ ಊಟದ ಮೇಲೆ ಇದನ್ನೆಲ್ಲ ಹೇಳಿದೆ. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, "ಅದೆಲ್ಲ ಸಮ ತಮಾ. ಉಪ್ಪುನೀರು ತಡೀತದಾ ಅದು?" ಎಂದರು. ಕೇಳಬೇಕಾದ ಪ್ರಶ್ನೆಯೇ ಅದಾಗಿತ್ತು. ಇಂಥ ಮೋಟಾರುಗಳಲ್ಲಿ ಬಹಳಷ್ಟು ಸಿಹಿನೀರಿನ ಕೆರೆಗಳಿಗಾಗಿ ಮಾಡಿದಂಥವು. ಹುಡುಕಿ, ಉಪ್ಪುನೀರಿಗೆಂದೇ ಮಾಡಿದ್ದನ್ನು ತರಿಸಿದೆವು. ಅದರ ಪ್ರೊಪೆಲ್ಲರಿನ ಹತ್ತಿರ ಸತುವಿನ ಒಂದು ತುಂಡು ಇರುತ್ತದೆ. ಉಪ್ಪು ಮೊದಲು ಆ ಸತುವನ್ನು ತಿನ್ನುತ್ತದೆ, ಉಳಿದ ಲೋಹ ಬಚಾವಾಗುತ್ತದೆ.

ಈ ಮೋಟಾರುಗಳ ಬಲವನ್ನು ಅಶ್ವಶಕ್ತಿಯಲ್ಲಿ ಹೇಳುವ ರೂಢಿಯಿಲ್ಲ, ತಳ್ಳುವ ಬಲವನ್ನು ಪೌಂಡಿನಲ್ಲಿ ಹೇಳುತ್ತಾರೆ. ನಮ್ಮದು 30 ಪೌಂಡಿನದು, ಅಂದರೆ ಹದಿಮೂರೂವರೆ ಕಿಲೋ ತೂಕವನ್ನು ಎತ್ತಿ ಹಿಡಿಯುವಷ್ಟು ಬಲ. 12 ವೋಲ್ಟ್, ಪೂರ್ತಿ ತಿರುಗಿಸಿದರೆ 30 ಆಂಪಿಯರ್. ಪಾತಿಗೆ ಇದು ಧಾರಾಳವಾಯಿತು. ಇನ್ನೂ ದೊಡ್ಡದು ತಂದಿದ್ದರೂ ಪ್ರಯೋಜನವಿರಲಿಲ್ಲ, ಯಾಕೆಂದರೆ ನೀರಿನಲ್ಲಿ ವೇಗ ಎರಡು ಪಟ್ಟು ಬೇಕೆಂದರೆ ಶಕ್ತಿ ಸುಮಾರು ಎಂಟು ಪಟ್ಟು ಬೇಕಾಗುತ್ತದೆ.

ಬ್ಯಾಟರಿಯ ವಿಷಯಕ್ಕೆ ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಮನೆಯ ಇನ್ವರ್ಟರಿನ ಬ್ಯಾಟರಿಯನ್ನೇ ಇಟ್ಟರಾಯಿತೆಂದು ಅಣ್ಣನ ವಾದ. ಅದು ಐವತ್ತು ಕಿಲೋ ದಾಟುತ್ತದೆ, ಸೀಸದ್ದಾದ್ದರಿಂದ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ. ಕೊನೆಗೆ 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬಂತು. ದುಡ್ಡು ಹೆಚ್ಚು, ತೂಕ ಹನ್ನೆರಡು ಕಿಲೋದ ಆಸುಪಾಸು. ಸೋತ ಭುಜದವರು ಎಡಗೈಯಲ್ಲಿ ಎತ್ತಿ ದಡಕ್ಕಿಡಬಹುದಾದ ತೂಕ ಅದೊಂದೇ.

ಕೂರಿಸುವ ದಿನ ತಕರಾರು ಎದ್ದಿತು. ಈ ಮೋಟಾರನ್ನು ದೋಣಿಯ ಹಿಂಬದಿಯ ಚಪ್ಪಟೆ ಹಲಗೆಗೆ ಕಚ್ಚಿಸಬೇಕು, ಪಾತಿಗೋ ಎರಡೂ ತುದಿ ಚೂಪು. ಭಾವ ಡ್ರಿಲ್ ಮೆಷಿನ್ ತೆಗೆದ. ದೊಡ್ಡಪ್ಪ ದೋಣಿಯ ಅಂಚಿನ ಮೇಲೆ ಕೈಯಿಟ್ಟು ನಿಂತರು. "ತೂತು ಹೊಡೀಬೇಡ. ಹಲಗೆ ಅಡ್ಡ ಹಾಕು, ಹಗ್ಗ ಕಟ್ಟು, ಬೆಣೆ ಹೊಡಿ." ಹಾಗೇ ಆಯಿತು. ಒಂದೂವರೆ ಇಂಚು ದಪ್ಪದ ಹಲಸಿನ ಹಲಗೆಯನ್ನು ಅವರು ಕೂರುವ ಜಾಗದ ಬೆನ್ನಿಗೇ ಅಡ್ಡಲಾಗಿ ಇಟ್ಟೆವು. ಒಂದು ತುದಿ ದೋಣಿಯಿಂದ ಗೇಣುದ್ದ ಹೊರಗೆ ಚಾಚಿತು, ಅಲ್ಲಿ ಮೋಟಾರು. ಹಲಗೆಯ ಅಡಿಗೆ ಎರಡೂ ಬದಿ ಕಚ್ಚು ಕೊರೆದು ಅಂಚಿನ ಮೇಲೆ ಕೂರಿಸಿ, ಒಳಗಿನ ಅಡ್ಡತೊಲೆಗೆ ಕತ್ತದ ಹಗ್ಗದಿಂದ ಬಿಗಿದು, ಹಗ್ಗಕ್ಕೂ ಹಲಗೆಗೂ ನಡುವೆ ಬೆಣೆ ಬಡಿದರು ದೊಡ್ಡಪ್ಪ. ಭಾವ ಎರಡೂ ಕೈ ಹಾಕಿ ಅಲುಗಿಸಿ ನೋಡಿದ, ಹಲಗೆಯ ಜೊತೆ ಇಡೀ ದೋಣಿಯೇ ಅಲುಗಿತು. ಮೋಟಾರು, ಮನುಷ್ಯ ಎರಡೂ ಹಿಂದೆ ಇರುವುದರಿಂದ ಬ್ಯಾಟರಿಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಮುಂದಿನ ತುದಿಗೆ ಕಟ್ಟಿದೆವು.

ತಂತಿಯ ಬಗ್ಗೆ ಭಾವ ಹೇಳಿದ ಲೆಕ್ಕ ಇಂದಿಗೂ ನೆನಪಿದೆ. ಮನೆಯ 230 ವೋಲ್ಟಿನಲ್ಲಿ 360 ವಾಟಿಗೆ ಒಂದೂವರೆ ಆಂಪಿಯರ್ ಸಾಕು, 12 ವೋಲ್ಟಿನಲ್ಲಿ ಅಷ್ಟೇ ವಾಟಿಗೆ 30 ಆಂಪಿಯರ್ ಹರಿಯಬೇಕು. ಮನೆಗೆಳೆಯುವ ಒಂದೂವರೆ ಚದರ ಮಿಲಿಮೀಟರಿನ ತಂತಿಯನ್ನು ದೋಣಿಯ ಈ ತುದಿಯಿಂದ ಆ ತುದಿಗೆ ಎಳೆದರೆ, ಹನ್ನೆರಡರಲ್ಲಿ ಸುಮಾರು ಮೂರು ವೋಲ್ಟ್ ತಂತಿಯಲ್ಲೇ ಶಾಖವಾಗಿ ಹೋಗುತ್ತದೆ. ಅವನು ಹತ್ತು ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಎಳೆದ, ಬ್ಯಾಟರಿಯ ಧನ ತುದಿಯ ಬುಡದಲ್ಲೇ 40 ಆಂಪಿಯರಿನ ಫ್ಯೂಸ್ ಹಾಕಿದ.

ಮೊದಲ ದಿನ ದೊಡ್ಡಪ್ಪ ಎರಡನೆಯ ವೇಗದಿಂದ ಮೇಲಕ್ಕೆ ಹೋಗಲಿಲ್ಲ. ಆ ವೇಗಕ್ಕೆ ಎಂಟು-ಹತ್ತು ಆಂಪಿಯರ್, ಇಡೀ ದಿನ ಓಡಾಡಿದರೂ ಬ್ಯಾಟರಿ ಉಳಿಯುತ್ತದೆ. ಸದ್ದೇ ಇಲ್ಲದ್ದರಿಂದ ದಿಬ್ಬದ ಮೇಲೆ ಬೆಳಚು ಹೆಕ್ಕುತ್ತಿದ್ದ ಹೆಂಗಸರು ಕೂಗಿ ಮಾತಾಡಿಸಿದರು, ಇವರು ಅಲ್ಲಿಂದಲೇ ಉತ್ತರ ಕೊಟ್ಟರು.

ಆಮೇಲೊಂದು ಅಮಾವಾಸ್ಯೆಯ ಇಳಿತದಲ್ಲಿ ಚಿಕ್ಕಮ್ಮ ದಿಬ್ಬದ ಅಂಚಿನಲ್ಲಿ ಕಾಲಿಟ್ಟದ್ದು ಕಲ್ವದ ಚಿಪ್ಪಿನ ಮೇಲೆ. ಅಂಗಾಲು ಉದ್ದಕ್ಕೆ ಸೀಳಿತು. ಸೆರಗು ಹರಿದು ಕಟ್ಟಿದರೂ ರಕ್ತ ನಿಲ್ಲಲಿಲ್ಲ. ಹತ್ತಿರದ ದಡಕ್ಕೆ ಹೋಗೋಣವೆಂದರೆ ನೀರಿಳಿದು ಮೊಣಕಾಲುದ್ದ ಕೆಸರು ಬಯಲಾಗಿತ್ತು, ಅದರಲ್ಲಿ ಯಾರನ್ನೂ ಹೊತ್ತು ನಡೆಯಲಾಗದು. ದಡಕ್ಕೊತ್ತಿ ಆಳ ನೀರಿದ್ದದ್ದು ಮೇಲೆ ನಮ್ಮ ಧಕ್ಕೆಯಲ್ಲಿ ಮಾತ್ರ. ಹೊಳೆ ಎದುರಾಗಿ ಸಮುದ್ರಕ್ಕೆ ಓಡುತ್ತಿತ್ತು. ಆ ಇಳಿತಕ್ಕೆ ಎದುರಾಗಿ ಹುಟ್ಟು ಹಾಕುವುದು ಗಟ್ಟಿ ಭುಜದವನಿಗೂ ಕಷ್ಟ.

ಚಿಕ್ಕಮ್ಮನನ್ನು ನಡುವೆ ಮಲಗಿಸಿದೆವು. ನಾನು ಮುಂದೆ ಗಳ ಹಿಡಿದು ಆಳ ನೋಡುತ್ತಿದ್ದೆ. ದೊಡ್ಡಪ್ಪ ಹಿಡಿಯನ್ನು ಪೂರ್ತಿ ತಿರುಗಿಸಿದರು. ನಡುಹೊಳೆಯಲ್ಲಿ ಪಾತಿ ನಿಂತಲ್ಲೇ ನಿಂತಂತಾಯಿತು, ದಡದ ಕಾಂಡ್ಲ ಗಿಡಗಳು ಹಿಂದೆ ಸರಿಯಲೇ ಇಲ್ಲ. ಮೋಟಾರಿನಿಂದ ಇಷ್ಟೇ ಎಂದುಕೊಳ್ಳುವಾಗ ದೊಡ್ಡಪ್ಪ ದೋಣಿಯನ್ನು ಓರೆ ಮಾಡಿದರು. ನೀರ ಮೇಲೊಂದು ನೊರೆಯ ಗೆರೆ ಹರಿಯುತ್ತಿತ್ತು, ಸೆಳವಿನ ಅಂಚು ಅದು. ಆ ಗೆರೆ ದಾಟಿ ತಿರುವಿನ ಒಳಮೈಗೆ, ದಡದಿಂದ ಎರಡು ಮಾರು ದೂರಕ್ಕೆ ಬಂದದ್ದೇ ದೋಣಿ ಮುಂದಕ್ಕೆ ನಡೆಯಿತು. ಅಲ್ಲಿ ಸೆಳವು ಅರ್ಧವೂ ಇರಲಿಲ್ಲ. ಅವರು ವೇಗ ತಗ್ಗಿಸಿ ಬ್ಯಾಟರಿ ಉಳಿಸಿಕೊಂಡರು, ಮುಂದಿನ ತಿರುವಿನಲ್ಲಿ ಹೊಳೆ ದಾಟಲು ಮತ್ತೆ ಪೂರ್ತಿ ಕೊಟ್ಟರು. "ಆಳ ಹೇಳ್ತಾ ಹೋಗು" ಎಂಬುದೊಂದೇ ದಾರಿಯುದ್ದಕ್ಕೂ ಅವರಾಡಿದ ಮಾತು. ಧಕ್ಕೆಗೆ ಬಂದೆವು, ಚಿಕ್ಕಮ್ಮನ ಕಾಲಿಗೆ ಹೊಲಿಗೆ ಬಿತ್ತು.

ಅಂದು ಸಂಜೆ ಭಾವ ಪ್ರೊಪೆಲ್ಲರಿನ ನಟ್ಟು ಬಿಚ್ಚಿ, ಪಿನ್ನು ಎಳೆದು, ರೆಕ್ಕೆ ಕಳಚಿದ. ಅದರ ಹಿಂದೆ ಬಲೆಯ ನೈಲಾನ್ ದಾರ ಸುತ್ತಿಕೊಂಡು ರಬ್ಬರ್ ಸೀಲಿಗೆ ಒತ್ತಿ ಕೂತಿತ್ತು. ಸೀಲು ಕೊಯ್ದಿದ್ದರೆ ಉಪ್ಪುನೀರು ಒಳಗೆ ಹೋಗಿ ಮೋಟಾರು ಮುಗಿಯುತ್ತಿತ್ತು. ಅಂದಿನಿಂದ ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯುವ ಜೊತೆ ರೆಕ್ಕೆ ಕಳಚಿ ನೋಡುವುದೂ ದೊಡ್ಡಪ್ಪನ ರೂಢಿಯಾಯಿತು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಅಂಥ ನೀರಿನ ಮೇಲೆ ಹೊಗೆಯಿಲ್ಲದ, ಎಣ್ಣೆ ಸೋರದ ದೋಣಿಗಳು ಹೆಚ್ಚಬೇಕೆಂಬುದು ನನ್ನ ಆಸೆ. ನಿಮ್ಮೂರ ಹೊಳೆಯಲ್ಲೂ ಭುಜ ಸೋತ ಹಿರಿಯರಿದ್ದರೆ, ದೋಣಿ ಮಾರಿಸುವ ಮುನ್ನ ಇದೊಂದನ್ನು ಯೋಚಿಸಿ. ಸಣ್ಣ ಮೋಟಾರು ಸಾಕು, ತಂತಿ ದಪ್ಪನೆಯದೇ ಇರಲಿ, ಫ್ಯೂಸನ್ನು ಬ್ಯಾಟರಿಯ ಬುಡದಲ್ಲೇ ಹಾಕಿಸಿ. ಹುಟ್ಟನ್ನು ಮಾತ್ರ ದೋಣಿಯಿಂದ ಇಳಿಸಬೇಡಿ.