ಮಗಳ ಫೀ, ನನ್ನ ಬೋರಮಾಳ

ಅಕ್ಕಾರ, ವೈನಿಯಾರ, ಹೋದ ಸೋಮವಾರ ಸಿದ್ಧಪ್ಪಜ್ಜನ ಮಠದಾಗ ಭೆಟ್ಟಿಯಾದ ಮೂರು ಮಂದಿ ನನಗ ಒಂದೇ ಮಾತು ಕೇಳಿದ್ರು. "ಮಗಳನ್ನ ಮಂಗಳೂರಿನ ಸಿಸ್ಟರ್‌ಗಳ ಕಾಲೇಜಿಗೆ ಹಾಕೀರಂತ, ಅಷ್ಟು ರೊಕ್ಕ ಎಲ್ಲಿಂದ ತಂದ್ರಿ?" ಗುಡಿಯೊಳಗ ನಿಂತು ಹೇಳೂವಂಥ ಮಾತಲ್ಲ ಅಂತ ನಕ್ಕು ಬಂದೆ. ಈಗ ರೊಟ್ಟಿ ಬಡದು ಮುಗಿಸೇನಿ, ಇವರು ಎಪಿಎಂಸಿಗೆ ಹೋಗ್ಯಾರ. ಕುಂತು ಎಲ್ಲಾ ಬರದು ಬಿಡತೇನಿ.

ಮೊದಲ ನನ್ನದು ಹೇಳಬೇಕು. ನಾನೂ ಒಂದು ವರ್ಷ ಕಾಲೇಜಿಗೆ ಹೋದಾಕಿ ಅನ್ನೂದು ನಿಮ್ಮೊಳಗ ಭಾಳ ಮಂದಿಗೆ ಗೊತ್ತಿಲ್ಲ. 1995ರಾಗ ಧಾರವಾಡದ ಕಿಟೆಲ್ ಕಾಲೇಜಿಗೆ ಹೆಸರು ಹಚ್ಚಿದ್ದೆ. ಉಣಕಲ್ ಕೆರಿ ದಂಡಿಗೆ ನಿಂತು ಬಸ್ ಹಿಡಿದು, ನವನಗರ, ರಾಯಾಪುರ, ಸತ್ತೂರು ದಾಟಿ ಧಾರವಾಡ. ಆ ಕಾಲೇಜಿನ ಹೆಸರಿನ ಕಿಟೆಲ್ ಸಾಹೇಬ್ರು ಜರ್ಮನಿಯಿಂದ ಬಂದ ಪಾದ್ರಿ. ಬಾಸೆಲ್ ಮಿಶನ್‌ನವರು. 1894ರಾಗ ಛಾಪಾದ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನ ಇವತ್ತಿಗೂ ಪಂಡಿತರು ತೆಗದು ನೋಡ್ತಾರ. ಮಿಶನ್‌ನವರು ಮಂಗಳೂರಿಗೆ ಬಂದಿದ್ದು 1834ರಾಗ. ಮುಂದ ಮೂರು ವರ್ಷಕ್ಕ ಧಾರವಾಡ, ಆಮ್ಯಾಲೆ ಹುಬ್ಬಳ್ಳಿ. ಅಂದ್ರ "ಕ್ರಿಶ್ಚನ್ನರ ಸಾಲಿ" ನಮ್ಮ ಕಡೆಯವ್ರಿಗೆ ಹೊಸಾದೇನಲ್ಲ. ನಮ್ಮ ಮುತ್ಯಾ ಮುಲ್ಕಿ ಪರೀಕ್ಷಾ ಕಟ್ಟೂ ಕಾಲಕ್ಕ ಆ ಸಾಲಿ ಹಳೇವು ಆಗಿದ್ದುವು.

ನಾ ಓದಾಕ ಹೋದ ವರ್ಷ ಹತ್ತಿ ಕೈ ಕೊಟ್ಟಿತು. ಎರಡನೇ ವರ್ಷದ ಫೀ ತುಂಬೂ ಹೊತ್ತಿಗೆ ಅಪ್ಪನ ಕೈಯಾಗ ರೊಕ್ಕ ಇರಲಿಲ್ಲ. ಬಡ ಮಕ್ಕಳಿಗೆ ಫೀ ಮಾಫಿ ಮಾಡೂ ಅರ್ಜಿ ಇತ್ತು. ನಾನ ತಂದು ಕೊಟ್ಟೆ. ಅದಕ್ಕ ತಲಾಟಿ ಕಡಿಂದ ಆದಾಯದ ದಾಖಲೆ ಬೇಕು, ಅಪ್ಪನ ಸಹಿ ಬೇಕು. ಅಪ್ಪ ಅರ್ಜಿ ಓದಿದ. "ಊರಾಗ ನಾ ಬಡವ ಅಂತ ತಲಾಟಿ ಮುಂದ ಹೋಗಿ ಬರಸ್ಕೊಂಡು ಬರಲೇನು?" ಅಂದ. ಅವ್ವ ಸುಮ್ಮನ ಒಲಿ ಊದಿದಳು. ಆ ಅರ್ಜಿ ದೀಪ ಇಡೂ ಮಾಡದಾಗ ಎರಡು ತಿಂಗಳು ಇತ್ತು, ಎಣ್ಣಿ ಹತ್ತಿ ಹಳದಿ ಆತು. ಕೊನಿ ತಾರೀಖು ಹೋತು, ನನ್ನ ಕಾಲೇಜೂ ಹೋತು. ಮುಂದಿನ ವೈಶಾಖಕ್ಕ ಲಗ್ನ ಆತು.

ಅಪ್ಪ ಕೆಟ್ಟಾಂವ ಅಲ್ಲ, ನಿಮಗೂ ಗೊತ್ತೈತಿ. ತೀರಿಕೊಳ್ಳೂ ಮೊದಲ ಒಮ್ಮೆ ಕೇಳಿದ, "ನಿನ್ನ ಕಾಲೇಜಿಗೆ ಆ ವರ್ಷ ಎಷ್ಟು ಬೇಕಾಗಿತ್ತವ್ವಾ?" ಹೇಳಿದೆ. "ಒಂದು ಚೀಲ ಶೇಂಗಾ ರೊಕ್ಕ" ಅಂದ. ಮತ್ತ ಮಾತಾಡಲಿಲ್ಲ.

ಈಗ ಮಗಳ ಕಡೆ ಬರೋಣು. 2023ರಾಗ ಪಿಯುಸಿ ಸೈನ್ಸ್ ಒಳಗ ಛಲೋ ಮಾರ್ಕ್ಸ್ ತಗೊಂಡಳು. ಆಕಿಗೆ ಪಾಠ ಹೇಳಿದ ಮೇಡಮ್ಮಾರೊಬ್ಬರು ಮಂಗಳೂರಿನ ಸೇಂಟ್ ಆಗ್ನೆಸ್ ಒಳಗ ಕಲ್ತವರು. 1921ರಾಗ ಅಪೋಸ್ಟೋಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಹೆಣ್ಣುಮಕ್ಕಳಿಗಂತ ಸುರು ಮಾಡಿದ ಕಾಲೇಜು ಅದು. ಹುಡುಗಿ ಅದನ್ನ ಹಿಡಕೊಂಡು ಕುಂತಳು. ಧಾರವಾಡದಾಗ ಕಾಲೇಜು ಇಲ್ಲೇನು ಅಂತ ನೀವೆಲ್ಲಾ ಕೇಳಿದ್ರಿ. ನಾನೂ ಕೇಳಿದೆ. ಆದ್ರ ಖರೇ ಹೇಳಬೇಕಂದ್ರ, ಹುಡುಗಿ ಒಮ್ಮೆ ಹೊಸ್ತಿಲ ದಾಟಿ ನಾಕು ಮಂದಿ ಜೋಡಿ ಇದ್ದು ಬರಲಿ ಅಂತ ನನ್ನ ಹೊಟ್ಟ್ಯಾಗೂ ಆಸೆ ಇತ್ತು.

ಅತ್ತಿಯವ್ರಿಗೆ ಒಂದ ಭಯ. "ಅಲ್ಲಿ ಹೋದ್ರ ಮತಕ್ಕ ಸೇರಸ್ತಾರು." ಅವ್ರಿಗೆ ಸಮಾಧಾನ ಹೇಳಾಕ ನಾ ಮಗಳ ಪೌರನೀತಿ ಪುಸ್ತಕ ತೆಗದೆ. ಅಲ್ಪಸಂಖ್ಯಾತರು ತಮ್ಮ ಸಾಲಿ-ಕಾಲೇಜು ನಡಸಬಹುದು ಅಂತ ಸಂವಿಧಾನದ 30ನೇ ಕಲಮು ಹೇಳತೈತಿ. ಸರಕಾರದ ಮಾನ್ಯತೆ ಇಲ್ಲಾ ಅನುದಾನ ಇರೂ ಸಾಲ್ಯಾಗ, ಒಪ್ಪಿಗಿ ಇಲ್ಲದ ಯಾರನ್ನೂ ಧರ್ಮದ ಪಾಠಕ್ಕ, ಪ್ರಾರ್ಥನಾಕ್ಕ ಕುಂದ್ರಸಾಕ ಬರೂದಿಲ್ಲ ಅಂತ 28ನೇದು ಹೇಳತೈತಿ. ಅತ್ತಿಯವ್ರು ಕಲಮು ಕೇಳಿ ಒಪ್ಪಲಿಲ್ಲ ಬಿಡ್ರಿ. ದೀಪಾವಳಿಗೆ ಬಂದ ಮೊಮ್ಮಗಳು ಹಣಿಗೆ ವಿಭೂತಿ ಹಚ್ಚಿಕೊಂಡು ಪೂಜಾಕ್ಕ ನಿಂತಾಗ ಒಪ್ಪಿದ್ರು.

ಭಯ ಹೋತು, ರೊಕ್ಕದ ಮಾತು ಉಳೀತು. ಕಾಲೇಜ್ ಫೀ, ಹಾಸ್ಟೆಲ್, ಮೆಸ್, ಪುಸ್ತಕ ಎಲ್ಲಾ ಕೂಡಿಸಿದ್ರ ಇವರ ಒಂಬತ್ತು ತಿಂಗಳ ಪಗಾರ. ಇವರು ಅಮರಗೋಳ ಎಪಿಎಂಸಿಯೊಳಗ ದಲಾಲಿ ಅಂಗಡಿ ಗುಮಾಸ್ತ. ಹೊಲ ಎರಡು ಎಕರೆ. ಸಣ್ಣ ಮಗ ಇನ್ನೂ ಎಂಟನೇತ್ತಾ.

ಆವಾಗ ನಮ್ಮ ಬಳಗದಾಗ ಒಬ್ಬರು ಬಂದು, "ಮೂರೂ ವರ್ಷದ ಫೀ ನಾ ಕೊಡ್ತೇನಿ" ಅಂದ್ರು. ಹೆಸರು ಹೇಳೂದಿಲ್ಲ. ಓದಿದ್ರ ಅವ್ರಿಗೂ ತಿಳೀತೈತಿ, ಸಿಟ್ಟಾಗಬ್ಯಾಡ್ರಿ. ಇವರಿಗೆ ಭಾಳ ಖುಷಿ ಆತು. ಚಹಾ ಕುಡದು ಏಳೂ ಮುಂದ ಅವರು ಅಂದ್ರು, "ಹೆಂಗೂ ಓದು ಮುಗದ ಮ್ಯಾಲೆ ಹುಡುಗಿ ನಮ್ಮ ಮನೀಗೆ ಬರೂದ ಐತೆಲ್ಲ." ನನ್ನ ಕೈಯಾಗಿನ ಬಶಿ ಅಲ್ಲೇ ನಿಂತಿತು. ಆ ಹುಡುಗನ ಮ್ಯಾಲೆ ನನ್ನದೇನೂ ತಕರಾರಿಲ್ಲ. ಮಗಳನ್ನ ಕೇಳದ ಆಕೀ ಲಗ್ನ ಫೀ ರಶೀದಿ ಜೋಡಿ ಹರದು ಕೊಟ್ಟಂಗ ಆಗ್ತಿತ್ತು, ಅದು ನನಗ ಸೇರಲಿಲ್ಲ.

ರಾತ್ರಿ ಇವರಿಗೆ ಅಂದೆ, "ರೀ, ಅವರ ರೊಕ್ಕ ಬ್ಯಾಡ. ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣ ಪತ್ರ ತರ್ರಿ. ಸ್ಕಾಲರ್‌ಶಿಪ್ಪಿಗೆ ಹಾಕೋಣು." ಇವರು ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು. "ಎಪಿಎಂಸಿಯೊಳಗ ಎಲ್ಲಾರೂ ನನಗ ನಮಸ್ಕಾರ ಮಾಡ್ತಾರ. ಈಗ ನನ್ನ ಮನಿ ಆದಾಯ ಇಷ್ಟ ಅಂತ ಬರಸ್ಕೊಂಡು ಬರಲೇನು?"

ಅಪ್ಪನ ಮಾತ ಅದು. ದನಿ ಒಂದು ಬ್ಯಾರೆ.

ಅವತ್ತು ನಾ ಮೊದಲ ಸಲ ಇವರಿಗೆ ಆ ಎಣ್ಣಿ ಹತ್ತಿದ ಅರ್ಜಿ ಕತಿ ಹೇಳಿದೆ. ಲಗ್ನಾಗಿ ಇಪ್ಪತ್ತಾರು ವರ್ಷ ಆಗಿತ್ತು, ಎಂದೂ ಹೇಳಿದ್ದಿಲ್ಲ. "ಇದ್ದದ್ದನ್ನ ಬರದು ಕೊಡಾಕ ಏನು ನಾಚಿಕಿ? ಸುಳ್ಳು ಬರದ್ರ ನಾಚಿಕಿ" ಅಂದೆ. ಇವರು ಏನೂ ಅನ್ನಲಿಲ್ಲ. ಮುಂಜಾನೆ ಎದ್ದು ಆಧಾರ್ ಕಾರ್ಡು, ರೇಷನ್ ಕಾರ್ಡು ಚೀಲದಾಗ ಹಾಕ್ಕೊಂಡು ಹೋದ್ರು. ಬಂದಾಗ, "ಪತ್ರದಾಗ ಆರ್‌ಡಿ ನಂಬರ್ ಇರ್ತೈತಂತ, ಅದ ಮುಖ್ಯ ಅಂತ" ಅಂದ್ರು. ಅಷ್ಟ.

ಇನ್ನ ನಿಮ್ಮ ಕೆಲಸಕ್ಕ ಬರೂ ಮಾತು ಹೇಳತೇನಿ.

ಪಿಯುಸಿ ಬೋರ್ಡಿನೊಳಗ ತಮ್ಮ ವಿಭಾಗದಾಗ ಮ್ಯಾಲಿನ ನೂರಕ್ಕ ಇಪ್ಪತ್ತರೊಳಗ ಇರೂ ಮಕ್ಕಳಿಗೆ ಕೇಂದ್ರ ಸರಕಾರದ ಸ್ಕಾಲರ್‌ಶಿಪ್ ಐತಿ. ಮನಿ ಆದಾಯ ವರ್ಷಕ್ಕ 4.5 ಲಕ್ಷದೊಳಗ ಇರಬೇಕು. ಡಿಗ್ರಿ ಮೂರು ವರ್ಷ, ವರ್ಷಕ್ಕ 12,000. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್ ಒಳಗ ಹಾಕೂದು. ವರ್ಷಾ ಹೊಸದಾಗಿ ಮುಂದುವರಸಬೇಕು. ಅದಕ್ಕ ನೂರಕ್ಕ 50 ಮಾರ್ಕ್ಸು, 75 ಹಾಜರಿ ಬೇಕು.

ಒಕ್ಕಲುತನದ ಮನಿ ಮಕ್ಕಳಿಗೆ ರಾಜ್ಯ ಸರಕಾರದ ರೈತ ವಿದ್ಯಾನಿಧಿ ಐತಿ. 2021ರಾಗ ಸುರು ಆತು. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದೂ ಗಂಡು ಹುಡುಗರಿಗೆ 5,000, ಹೆಣ್ಣು ಹುಡುಗ್ಯಾರಿಗೆ 5,500. ಹೊಲದ ಉತಾರ ಇದ್ದವ್ರಿಗೆ ಫ್ರೂಟ್ಸ್ ಐಡಿ ಅಂತ ಮಾಡಿಸಿರಬೇಕು. ಹಿಂದುಳಿದ ವರ್ಗದ ಮಕ್ಕಳಿಗೆ ಸರಕಾರಿ ಹಾಸ್ಟೆಲ್ ಸೀಟು ಸಿಗದಿದ್ರ ವಿದ್ಯಾಸಿರಿ ಐತಿ, ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು. ಇವಕ್ಕೆಲ್ಲಾ ಎಸ್‌ಎಸ್‌ಪಿ ಅಂತ ರಾಜ್ಯದ ಪೋರ್ಟಲ್.

ಇಲ್ಲೊಂದು ಗಂಟು ಐತಿ ನೋಡ್ರಿ. ಕೇಂದ್ರದ 12,000 ತಗೊಂಡಾಕಿ ಬ್ಯಾರೆ ಸರಕಾರಿ ಸ್ಕಾಲರ್‌ಶಿಪ್ ತಗೋಳಾಕ ಬರೂದಿಲ್ಲ. ಎರಡೂ ಕೈಲೆ ಹಿಡೀಬ್ಯಾಡ್ರಿ. ಕುಂತು ಕೂಡಿಸಿ, ಯಾವುದು ಜಾಸ್ತಿ ಅನ್ನೂದನ್ನ ನೋಡಿ ಆರಿಸ್ಕೋರಿ. ನಾವು ಕ್ಯಾಲೆಂಡರ್ ಹಿಂದ ಲೆಕ್ಕಾ ಬರದು 12,000 ಹಿಡದಿವಿ.

ಆದ್ರ ಅದು ಒಂಬತ್ತು ತಿಂಗಳ ಪಗಾರದ ಮುಂದ ಎಷ್ಟರದು? ಉಳಿದದ್ದಕ್ಕ ನಾನ ಕಾಲೇಜಿನ ಆಫೀಸಿಗೆ ಹೋದೆ. ಸಿಸ್ಟರ್ ಮುಂದ ಕುಂತು ಇದ್ದದ್ದು ಇದ್ದಂಗ ಹೇಳಿದೆ. ಅವರು ನನ್ನ ಮಾತು ಪೂರಾ ಕೇಳಿದ್ರು, ಒಮ್ಮೆನೂ ಗಡಿಯಾರ ನೋಡಲಿಲ್ಲ. "ಅರ್ಜಿ ಬರದು ಕೊಡ್ರಿ, ಆದಾಯ ಪತ್ರದ ಝೆರಾಕ್ಸ್ ಹಚ್ಚ್ರಿ" ಅಂದ್ರು. ಫೀ ಮೂರು ಕಂತು ಮಾಡಿಕೊಟ್ರು. ಇಂಥಾ ಹಳೇ ಕಾಲೇಜುಗಳಾಗ ಹಿಂದ ಕಲ್ತು ಹೋದ ಹೆಣ್ಣುಮಕ್ಕಳು ಇಟ್ಟ ದತ್ತಿ ರೊಕ್ಕ ಇರ್ತೈತಿ. ಕೇಳಿದವ್ರಿಗೆ ಅಷ್ಟ ಗೊತ್ತಾಗ್ತೈತಿ. ನಮ್ಮ ಹುಡುಗಿಗೂ ಅದರಾಗ ಸ್ವಲ್ಪ ಸಿಕ್ಕಿತು. ಯಾರೋ ಗುರ್ತಿಲ್ಲದ ಹೆಣ್ಣುಮಗಳು ಎಂದೋ ಇಟ್ಟ ರೊಕ್ಕ. ಆಕಿ ನಮ್ಮ ಹತ್ರ ಏನೂ ಕೇಳಲಿಲ್ಲ.

ಇಷ್ಟಾದ್ರೂ ಮೊದಲನೇ ಕಂತು ಜೂನ್‌ದಾಗ. ಸ್ಕಾಲರ್‌ಶಿಪ್ ರೊಕ್ಕ ಜೂನ್‌ದಾಗ ಬರೂದಿಲ್ಲ. ಹುಡುಗಿ ಸೇರಬೇಕು, ಅರ್ಜಿ ಹಾಕಬೇಕು, ಕಾಲೇಜಿನವ್ರು ನೋಡಿ ಮುಂದ ಕಳಸಬೇಕು, ಆಮ್ಯಾಲೆ ಖಾತೆಗೆ. ಹಂಗಾಗಿ ನಡುವಿನ ತಿಂಗಳು ಮನ್ಯಾಗಿನ ಹೆಣ್ಣುಮಗಳು ದಾಟಸಬೇಕಾಗ್ತೈತಿ. ನಮ್ಮವ್ವ ಲಗ್ನದಾಗ ಹಾಕಿದ ಬೋರಮಾಳ ಬ್ಯಾಂಕಿನ್ಯಾಗ ಇಟ್ಟೆ. ಸಂಘದಾಗ ಒಂದಿಷ್ಟು ಎತ್ತಿದೆ. ಗೃಹಲಕ್ಷ್ಮಿ 2,000 ಬಂದಾಗ ಮುಟ್ಟದ ಬಡ್ಡಿಗೆ ಇಟ್ಟೆ. ಬಸ್ಸಿನ ಖರ್ಚು ಒಂದು ಉಳೀತು. ಶಕ್ತಿ ಯೋಜನೆ ಅದ ಜೂನ್ 11ಕ್ಕ ಸುರು ಆಗಿತ್ತು. ಸಾದಾ ಬಸ್ಸಿನ್ಯಾಗ ಆಧಾರ್ ತೋರಿಸಿ ಅವ್ವ-ಮಗಳು ಟ್ರಂಕು ಇಟಗೊಂಡು ಘಟ್ಟ ಇಳದಿವಿ.

ಒಂದು ತಪ್ಪು ನಮ್ಮದೂ ಆತು. ಮೊದಲ ವರ್ಷದ ರೊಕ್ಕ ಬಂದೈತಿ ಅಂತ ಪೋರ್ಟಲ್ ತೋರಸ್ತಿತ್ತು, ಪಾಸ್‌ಬುಕ್ಕಿನ್ಯಾಗ ಇಲ್ಲ. ಒಂದು ತಿಂಗಳು ನಿದ್ದಿ ಇಲ್ಲ. ಕಡೀಕ ನೋಡಿದ್ರ, ಹುಡುಗಿ ಎಂಟನೇತ್ತಾ ಇದ್ದಾಗ ತೆಗದ ಹಳೇ ಖಾತೆಗೆ ಆಧಾರ್ ಜೋಡಿಸಿತ್ತು, ರೊಕ್ಕ ಅಲ್ಲಿ ಹೋಗಿ ಕುಂತಿತ್ತು. ಸರಕಾರದ ರೊಕ್ಕ ನಾವು ಬರದ ಖಾತೆಗೆ ಅಲ್ಲ, ಆಧಾರ್ ಜೋಡಿಸಿದ ಖಾತೆಗೆ ಹೋಗ್ತೈತಿ. ಅರ್ಜಿ ಹಾಕೂ ಮೊದಲ ಬ್ಯಾಂಕಿಗೆ ಹೋಗಿ ಕೇಳ್ರಿ. ಹೆಸರಿನ ಅಕ್ಷರ ಮಾರ್ಕ್ಸ್ ಕಾರ್ಡಿನ್ಯಾಗ, ಆಧಾರ್‌ದಾಗ, ಪಾಸ್‌ಬುಕ್ಕಿನ್ಯಾಗ ಒಂದ ಇರಬೇಕು.

ಶಿಕ್ಷಣ ಸಾಲದ ಮಾತೂ ಬಂದಿತ್ತು. 4 ಲಕ್ಷದ ತನಕ ಆಸ್ತಿ ಅಡಾ ಕೇಳೂದಿಲ್ಲ, ಓದು ಮುಗದು ಒಂದು ವರ್ಷದ ತನಕ ಕಂತು ಇರೂದಿಲ್ಲ. ವಿದ್ಯಾಲಕ್ಷ್ಮಿ ಪೋರ್ಟಲ್ ಒಳಗ ಹಾಕಬಹುದು. ಆದ್ರ ಬಡ್ಡಿ ಮೊದಲನೇ ದಿನದಿಂದ ಓಡತಿರ್ತೈತಿ. ಬಿ.ಎಸ್ಸಿಗೆ ತಗೊಂಡು ಬಿಟ್ರ ಮುಂದ ಎಂ.ಎಸ್ಸಿಗೆ ಏನು ಮಾಡೂದು ಅಂತ ನಾವು ಕಾದಿಟ್ಟೇವಿ.

ಕೆಳಗಿನ ಓಣಿ ಹುಡುಗ್ಯಾರಿಗೆ ಇನ್ನೊಂದು ಹೇಳಬೇಕು. ಹತ್ತನೇತ್ತಾ, ಪಿಯುಸಿ ಎರಡೂ ಸರಕಾರಿ ಸಾಲ್ಯಾಗ ಕಲ್ತು ಡಿಗ್ರಿಗೆ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ದವರು ವರ್ಷಕ್ಕ 30,000 ಕೊಡ್ತಾರ. ನಮ್ಮ ಕರ್ನಾಟಕದಾಗ 2025ರಾಗ ಸುರು ಆತು. ನಮ್ಮಾಕಿಗೆ ತಡಾ ಆತು, ನಿಮ್ಮವ್ರಿಗೆ ಆಗಬಾರದು.

ಮಗಳು ಈಗ ಕಡೀ ವರ್ಷ. ಹೋದ ತಿಂಗಳು ಫೋನ್ ಮಾಡಿ, "ಅವ್ವಾ, ನೀನೂ ಮುಕ್ತ ವಿಶ್ವವಿದ್ಯಾಲಯದಾಗ ಬಿ.ಎ. ಕಟ್ಟು, ಅರ್ಜಿ ನಾ ತುಂಬತೇನಿ" ಅಂದಳು. ಇವರು ಬಾಜೂಕ ಕುಂತು ಕೇಳಸ್ಕೊಳ್ಳಾಕತ್ತಿದ್ರು. "ಸಹಿ ನಾ ಮಾಡ್ತೇನಿ, ತಗೊಂಬಾ ಅನ್ನು" ಅಂದ್ರು. ನನಗ ನಗು ಬಂತು, ಆಮ್ಯಾಲೆ ಒಳಗ ಹೋಗಿ ಒಂದೀಟು ಕಣ್ಣೀರೂ ಬಂತು. ಬೋರಮಾಳ ಇನ್ನೂ ಬ್ಯಾಂಕಿನ್ಯಾಗ ಐತಿ. ಇನ್ನ ನಾಕು ಕಂತು ಅದಾವು. ಕೊಳ್ಳಾಗ ಯಾಕ ಕಾಣೂದಿಲ್ಲ ಅಂತ ಲಗ್ನ-ಮುಂಜಿವ್ಯಾಗ ಕೇಳತೀರೆಲ್ಲ, ಉತ್ತರ ಇದ.

ಯಾರ ಮನ್ಯಾಗರ ಹುಡುಗಿ ಪಿಯುಸಿ ಮುಗಿಸ್ಯಾಳಂದ್ರ ಆಧಾರ್, ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕು, ಆದಾಯ ಪತ್ರ ತಗೊಂಡು ನಮ್ಮ ಮನೀಗೆ ಬರ್ರಿ. ಮಧ್ಯಾಹ್ನ ಮೂರರ ಮ್ಯಾಲೆ ನಾ ಖಾಲಿ ಇರ್ತೇನಿ. ಚಹಾ ಇಡತೇನಿ, ಕುಂತು ತುಂಬೋಣು. ಮನಿ ಗಂಡಸರು ಸಹಿಗೆ ಒಲ್ಲೆ ಅಂದ್ರ ಅವರನ್ನೂ ಕರಕೊಂಡು ಬರ್ರಿ. ಇವರು ಮಾತಾಡ್ತಾರ.